ಗೇರಿಲ್ಲದ ಕಾರಿಗೂ ಎಣ್ಣೆ ಬೇಕು ಸ್ವಾಮಿ!

* ಘಟ್ಟ ಹತ್ತುವ ಆಟೋಮ್ಯಾಟಿಕ್ ಕಾರಿನ ಜೀವ ನಾಲ್ಕು ಲೀಟರ್ ಎಣ್ಣೆಯಲ್ಲಿ
* ಗಡಿ ದಾಟಿ ಬಂದ ಸೆಕೆಂಡ್ ಹ್ಯಾಂಡ್ ಕಾರಿಗೆ ಲೆಕ್ಕವೇ ಇಲ್ಲ

ಗುಮಟಾಪುರ (ತಾಳವಾಡಿ): ದೀಪಾವಳಿ ಬಂತೆಂದರೆ ಗುಮಟಾಪುರದ ಬೀದಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬದ ಬೆನ್ನಿಗೇ ನಡೆಯುವ ಗೊರೆ ಹಬ್ಬಕ್ಕೆ ಊರು ಬಿಟ್ಟು ಹೋದವರೆಲ್ಲ ವಾಪಸ್ ಬರುತ್ತಾರೆ. ಬೀರೇಶ್ವರ ದೇವಸ್ಥಾನದ ಬಳಿ ಸಗಣಿ ರಾಶಿ ಏಳುತ್ತದೆ. ಊರ ಹೊರಗೆ ಕಾರುಗಳ ಸಾಲೂ ಏಳುತ್ತದೆ. ಬೆಂಗಳೂರು, ಮೈಸೂರು, ಕೊಯಮತ್ತೂರು, ತಿರುಪ್ಪೂರು ಕಡೆಯಿಂದ ಬರುವ ಈ ಕಾರುಗಳಲ್ಲಿ ಕೆಎ ನಂಬರೂ ಉಂಟು, ಟಿಎನ್ ನಂಬರೂ ಉಂಟು.

ಹತ್ತು ಹದಿನೈದು ವರ್ಷದ ಹಿಂದೆ ಇಂಥ ಸಾಲಿನಲ್ಲಿ ಆಟೋಮ್ಯಾಟಿಕ್ ಕಾರು ಹುಡುಕಿದರೂ ಸಿಗುವುದು ಕಷ್ಟವಿತ್ತು. ಈಗ ಕ್ಲಚ್ ಪೆಡಲ್ ಇಲ್ಲದ ಕಾರು ಯಾರಿಗೂ ಹೊಸದಲ್ಲ. ಹೊಸದು ಕೊಳ್ಳಲಾಗದವರು ಪೇಟೆಯಲ್ಲಿ ಓಡಿದ್ದನ್ನು ಕಡಿಮೆ ದರಕ್ಕೆ ತರುತ್ತಾರೆ. ವಯಸ್ಸಾದ ಅಪ್ಪನಿಗೆ ಮಂಡಿ ನೋವು, ಮಗಳು ಹೊಸದಾಗಿ ಓಡಿಸಲು ಕಲಿತಿದ್ದಾಳೆ, ಟ್ರಾಫಿಕ್‌ನಲ್ಲಿ ಕಾಲು ನೋಯುವುದಿಲ್ಲ... ಹೀಗೆ ಕಾರಣ ಹಲವು.

ಆದರೆ ಕಾರು ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ಇದರ ಗೇರ್ ಬಾಕ್ಸ್ ಎಣ್ಣೆ ಕೊನೆಯ ಸಲ ಬದಲಾಗಿದ್ದು ಯಾವಾಗ?

"ಕ್ಲಚ್ಚೇ ಇಲ್ಲ, ಗೇರೇ ಹಾಕಂಗಿಲ್ಲ. ಇನ್ನು ಗೇರ್ ಆಯಿಲ್ ಎಲ್ಲಿಂದ ಬಂತಪ್ಪ?" ಎಂಬುದು ಕಟ್ಟೆಯ ಮೇಲೆ ಕೂತವರ ಸಾಮಾನ್ಯ ಮಾತು. ಮಾತು ಕೇಳಲು ಚೆಂದ. ನಿಜ ಮಾತ್ರ ತದ್ವಿರುದ್ಧ. ಗೇರ್ ಹಾಕುವ ಕೆಲಸ ಚಾಲಕನ ಕೈಯಿಂದ ತಪ್ಪಿದೆ ಅಷ್ಟೆ. ಆ ಕೆಲಸವನ್ನು ಈಗ ಮಾಡುತ್ತಿರುವುದೇ ಎಣ್ಣೆ!

ಎಣ್ಣೆಯೇ ಕೈ, ಎಣ್ಣೆಯೇ ಕಾಲು

ಮಾಮೂಲಿ ಕಾರಿನ ಗೇರ್ ಬಾಕ್ಸ್‌ನಲ್ಲಿ ಎಣ್ಣೆಗೆ ಇರುವುದು ಮುಖ್ಯವಾಗಿ ಒಂದೇ ಕೆಲಸ, ಹಲ್ಲು ಸವೆಯದಂತೆ ನೋಡಿಕೊಳ್ಳುವುದು. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಎಂಜಿನ್ ಶಕ್ತಿಯನ್ನು ಗೇರ್ ಬಾಕ್ಸ್‌ಗೆ ದಾಟಿಸುವುದು ಎಣ್ಣೆ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿದು ಗೇರ್ ಬದಲಿಸುವುದು ಎಣ್ಣೆಯ ಒತ್ತಡ. ಉಜ್ಜಾಟದಿಂದ ಹುಟ್ಟುವ ಬಿಸಿಯನ್ನು ಹೊತ್ತು ಕೂಲರ್‌ಗೆ ಸಾಗಿಸುವುದೂ ಅದೇ ಎಣ್ಣೆ. ಇದನ್ನೇ ಎಟಿಎಫ್ ಎನ್ನುವುದು. ಹೊಸದಾಗಿದ್ದಾಗ ಸಾಮಾನ್ಯವಾಗಿ ದಾಸವಾಳದಂತೆ ಕೆಂಪಗಿರುತ್ತದೆ.

ಈ ಎಣ್ಣೆ ಎಂಥ ನಾಜೂಕಿನದು ಎಂಬುದಕ್ಕೆ ಅಮೆರಿಕದ ಕಥೆಯೇ ಸಾಕ್ಷಿ. ಅಲ್ಲಿ ಜನರಲ್ ಮೋಟರ್ಸ್ ಕಂಪನಿ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್ ಬಾಕ್ಸ್ ಹೊರತಂದಿತು. ಸಾಮಾನ್ಯ ಜನರ ಕಾರಿಗೆ ಪೂರ್ತಿ ಆಟೋಮ್ಯಾಟಿಕ್ ಬಂದದ್ದು ಆಗ. ಮುಂದೆ ಎಷ್ಟೋ ವರ್ಷ ಈ ಎಣ್ಣೆಗೆ ಸ್ಪರ್ಮ್ ಜಾತಿಯ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಕ್ಲಚ್ ಪ್ಲೇಟು ಜಾರಲೂಬಾರದು, ಜರ್ಕ್ ಹೊಡೆಯಲೂಬಾರದು. ಆ ಹದ ಅದರಿಂದ ಸಿಗುತ್ತಿತ್ತು. 1970ರ ದಶಕದ ಆರಂಭದಲ್ಲಿ ತಿಮಿಂಗಿಲ ರಕ್ಷಣೆಗಾಗಿ ಅದರ ಬಳಕೆಗೆ ತಡೆ ಬಿದ್ದಾಗ ಕಂಪನಿಗಳು ಬದಲಿ ರಾಸಾಯನಿಕ ಹುಡುಕಬೇಕಾಯಿತು. ಅಂದರೆ ಎಟಿಎಫ್ ಎನ್ನುವುದು ಬರೀ ಜಿಡ್ಡಲ್ಲ, ಅಳೆದು ತೂಗಿ ಬೆರೆಸಿದ ಔಷಧ. ಔಷಧಕ್ಕೆ ಅವಧಿ ಇರುವಂತೆ ಇದಕ್ಕೂ ಅವಧಿ ಇದೆ.

ದಿಂಬಂ ಘಟ್ಟದ ಪರೀಕ್ಷೆ

ತಾಳವಾಡಿ ಸೀಮೆಯವರಿಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ಅನ್ವಯ. ಕಾರಣ ದಿಂಬಂ.

ಸಂತೆ, ಮದುವೆ, ಬಟ್ಟೆಬರೆಗೆ ಚಾಮರಾಜನಗರ ಹತ್ತಿರ. ಆದರೆ ಸರ್ಕಾರಿ ಕೆಲಸವೆಂದರೆ ಸತ್ಯಮಂಗಲ, ಗೋಬಿ, ಈರೋಡ್ ಕಡೆಗೇ ಇಳಿಯಬೇಕು. ಅಲ್ಲಿಗೆ ಹೋಗಲು ದಿಂಬಂನಿಂದ ಬಣ್ಣಾರಿವರೆಗೆ 27 ಹೇರ್‌ಪಿನ್ ತಿರುವು ದಾಟಬೇಕು. ಹೋಗುವಾಗ ಇಳಿದದ್ದನ್ನು ಬರುವಾಗ ಹತ್ತಲೇಬೇಕು. ಮುಂದೆ ಲಾರಿ ಸಿಕ್ಕರಂತೂ ಮುಗಿಯಿತು. ಅದರ ಹಿಂದೆ ನಿಂತು, ಹೊರಟು, ಮತ್ತೆ ನಿಂತು ತೆವಳಬೇಕು.

ಆಟೋಮ್ಯಾಟಿಕ್ ಗೇರ್ ಬಾಕ್ಸ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಇಲ್ಲ. ನಿಧಾನವಾಗಿ ಏರು ಹತ್ತುವಾಗ ಟಾರ್ಕ್ ಕನ್ವರ್ಟರ್ ಒಳಗೆ ಎಣ್ಣೆ ಕಡೆದಂತಾಗಿ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ 80-90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ಎಣ್ಣೆ ಘಟ್ಟದಲ್ಲಿ ಅದನ್ನು ಮೀರುತ್ತದೆ. ಬಿಸಿ ಸುಮಾರು 10 ಡಿಗ್ರಿ ಏರಿದಂತೆಲ್ಲ ಎಣ್ಣೆಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಒಂದು ಅಂದಾಜು ಲೆಕ್ಕ.

ಕಾರಿನ ಪುಸ್ತಕಗಳಲ್ಲಿ ಬೆಟ್ಟಗುಡ್ಡದ ರಸ್ತೆ, ಭಾರ ಎಳೆಯುವುದು, ನಿಂತು ನಿಂತು ಸಾಗುವ ಟ್ರಾಫಿಕ್ ಇವನ್ನು 'ಕಠಿಣ ಬಳಕೆ' ಎಂದು ಬೇರೆಯಾಗಿಯೇ ಬರೆದಿರುತ್ತಾರೆ. ಅಂಥ ಕಡೆ ಎಣ್ಣೆ ಬದಲಿಸುವ ಕಿಲೋಮೀಟರ್ ಕಡಿಮೆ ಇರುತ್ತದೆ. ಆ ಪುಟವನ್ನು ಓದುವವರು ಮಾತ್ರ ಅಪರೂಪ. ಓದಲು ಹೋದರೂ ಅದು ಇಂಗ್ಲಿಷ್‌ನಲ್ಲಿ!

ಘಟ್ಟದ ಮಧ್ಯೆ ಗಾಡಿ ನಿಂತರೆ ಏನು ಕಷ್ಟ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಸುತ್ತ ಇರುವುದು 2013ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲದ ಕಾಡು. ಆನೆ ರಸ್ತೆಗೆ ಬರುವುದು ಸುದ್ದಿಯೇ ಅಲ್ಲ. ಮದ್ರಾಸ್ ಹೈಕೋರ್ಟ್ ನಿರ್ದೇಶನದಂತೆ 2022ರ ಫೆಬ್ರವರಿಯಲ್ಲಿ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂದ ಮೇಲೆ ಕತ್ತಲಾಗುವ ಮೊದಲೇ ಮೇಲೆ ಹತ್ತಿಬಿಡಬೇಕೆಂಬ ಅವಸರ ಬೇರೆ. ಹೆಂಡತಿ ಮಕ್ಕಳು ಒಳಗೆ ಕೂತಿರುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಎಂದರೆ ಹೇಗಾದೀತು?

'ಲೈಫ್‌ಟೈಮ್' ಅಂದ್ರೆ ಯಾರ ಲೈಫು?

"ಇದು ಲೈಫ್‌ಟೈಮ್ ಆಯಿಲ್ ಸಾರ್, ಮುಟ್ಟಂಗೇ ಇಲ್ಲ" ಎಂಬ ಮಾತು ಕಾರು ಮಾರುವ ಕಡೆ ಧಾರಾಳವಾಗಿ ಕೇಳುತ್ತದೆ. ಕೆಲವು ಕಾರು ಕಂಪನಿಗಳು ಹಾಗೆ ಬರೆದದ್ದೂ ಉಂಟು. ಆದರೆ ಬಿಎಂಡಬ್ಲ್ಯುನಂಥ ದೊಡ್ಡ ಕಾರುಗಳಿಗೆ ಗೇರ್ ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್ಎಫ್ ಕಂಪನಿಯೇ, ಬಳಕೆ ನೋಡಿಕೊಂಡು 80 ಸಾವಿರದಿಂದ 1.20 ಲಕ್ಷ ಕಿ.ಮೀ.ಗೆ ಅಥವಾ ಹೆಚ್ಚೆಂದರೆ 8 ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ. ಪೆಟ್ಟಿಗೆ ಮಾಡಿದವರೇ ಬದಲಿಸಿ ಎಂದ ಮೇಲೆ ಲೈಫ್‌ಟೈಮ್ ಎಂಬುದರ ಅರ್ಥ ಏನುಳಿಯಿತು?

ಅಸಲಿಗೆ ಆ 'ಲೈಫು' ಮೊದಲ ಮಾಲೀಕನ ಕಾಲಕ್ಕೆ ಸಾಕಾದೀತು. ಏಳೆಂಟು ವರ್ಷ ಪೇಟೆಯ ಟ್ರಾಫಿಕ್‌ನಲ್ಲಿ ಬೆಂದ ಎಣ್ಣೆಯೊಂದಿಗೆ ಕಾರು ಕೈ ಬದಲಿಸುತ್ತದೆ. ಗುಮಟಾಪುರದಂಥ ಊರಿಗೆ ಅದು ಬರುವಾಗ ಎರಡನೆಯದೋ ಮೂರನೆಯದೋ ಕೈ. ಆರ್‌ಸಿ, ಇನ್ಶೂರೆನ್ಸ್, ಎನ್ಒಸಿ ಎಲ್ಲ ಗಡಿ ದಾಟಿ ಬರುತ್ತವೆ, ಸರ್ವಿಸ್ ಪುಸ್ತಕ ಮಾತ್ರ ಬರುವುದಿಲ್ಲ. ಮೀಟರಿನ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಇನ್ನೊಂದು ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಓಡಾಡುವವರು ಎಣ್ಣೆಯ ಲೆಕ್ಕಕ್ಕೂ ಅರ್ಧ ದಿನ ಓಡಾಡಿದರೆ ಮುಂದೆ ಬಚಾವ್.

ಎಣ್ಣೆ, ಫಿಲ್ಟರ್, ಪ್ಯಾಕಿಂಗ್, ಕೂಲಿ ಸೇರಿ ಸಾಧಾರಣ ಕಾರಿಗೆ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಗೇರ್ ಬಾಕ್ಸ್ ಕೆಟ್ಟರೆ ಲೆಕ್ಕ ಲಕ್ಷಕ್ಕೆ ಹೋಗಬಹುದು. ಹಳೇ ಕಾರಾದರೆ ರಿಪೇರಿಯ ಬಿಲ್ಲೇ ಕಾರಿನ ಬೆಲೆಗೆ ಸಮ. ಅರಿಶಿನ, ಬಾಳೆ, ಕೋಸು ಮಾರಿದ ದುಡ್ಡಲ್ಲಿ ಕಾರು ತಂದ ಮನೆಗೆ ಇದು ಸಣ್ಣ ಪೆಟ್ಟಲ್ಲ.

ಮೊದಲು ಜಾತಿ ನೋಡಿ

ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. ಎಣ್ಣೆ ಕೊಳ್ಳುವ ಮುನ್ನ ಗೇರ್ ಬಾಕ್ಸ್ ಯಾವ ಜಾತಿ ಎಂದು ತಿಳಿಯಬೇಕು.

ಮಾರುತಿ ಕಂಪನಿ 2014ರಲ್ಲಿ ಸೆಲೆರಿಯೊ ಮೂಲಕ ತಂದ, ಕಡಿಮೆ ಬೆಲೆಯ ಕಾರುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಎಎಂಟಿ. ಇದು ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಇದಕ್ಕೆ ಎಟಿಎಫ್ ಫಿಲ್ಟರ್ ಎಂಬುದು ಇಲ್ಲ. ಮಾಮೂಲಿ ಗೇರ್ ಆಯಿಲ್ ಮತ್ತು ಸೆಲೆರಿಯೊದಂಥ ಕಾರುಗಳಲ್ಲಿ ಗೇರ್ ಹಾಕುವ ಯಂತ್ರಕ್ಕೆ ಬೇರೆ ಹೈಡ್ರಾಲಿಕ್ ಎಣ್ಣೆ ಇರುತ್ತದೆ.

ಸಿವಿಟಿ ಎಂಬುದು ಬೆಲ್ಟ್ ಮೇಲೆ ಓಡುವ ಗೇರ್ ಬಾಕ್ಸ್. ಹೋಂಡಾ ಸಿಟಿಯ ಕೆಲವು ಮಾದರಿಗಳಲ್ಲಿ ಇದೆ. ಇದಕ್ಕೆ ಸಿವಿಟಿ ಎಣ್ಣೆಯೇ ಆಗಬೇಕು. ಮಾಮೂಲಿ ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಹಾಳಾಗುತ್ತದೆ. ಎರಡು ಕ್ಲಚ್ಚಿನ ಡಿಸಿಟಿ, ಡಿಎಸ್‌ಜಿಗಳ ಎಣ್ಣೆಯೇ ಬೇರೆ.

ಉಳಿದದ್ದು ಟಾರ್ಕ್ ಕನ್ವರ್ಟರ್ ಇರುವ ಅಸಲಿ ಆಟೋಮ್ಯಾಟಿಕ್. ಇನ್ನೋವಾ ಕ್ರಿಸ್ಟಾ, ಎಕ್ಸ್‌ಯುವಿ 500, ಹಳೇ ಡಿಸೈರ್ ಆಟೋಮ್ಯಾಟಿಕ್, ಹಳೇ ಐ10 ಆಟೋಮ್ಯಾಟಿಕ್ ಇವೆಲ್ಲ ಈ ಗುಂಪು. ಇದರಲ್ಲೂ ಎಣ್ಣೆ ಒಂದೇ ಅಲ್ಲ. ಟೊಯೊಟಾಗೆ ಡಬ್ಲ್ಯುಎಸ್, ಹೋಂಡಾಗೆ ಡಿಡಬ್ಲ್ಯು-1, ಹುಂಡೈಗೆ ಮಾದರಿ ನೋಡಿ ಎಸ್‌ಪಿ-3 ಅಥವಾ ಎಸ್‌ಪಿ-4. "ಎಲ್ಲಾ ಗಾಡಿಗೂ ಆಯ್ತದೆ" ಎಂಬ ಡಬ್ಬಿಯನ್ನು ಕಣ್ಣು ಮುಚ್ಚಿ ಕೊಳ್ಳಬಾರದು. ಕಾರಿನ ಪುಸ್ತಕ ಕೇಳುವ ಹೆಸರು ಡಬ್ಬಿಯ ಮೇಲಿದೆಯೇ ಎಂದು ಓದಿಯೇ ದುಡ್ಡು ಕೊಡಬೇಕು.

ಕೆಲಸ ಹೇಗೆ ನಡೆಯಬೇಕು?

ಕೆಲಸವನ್ನು ಸತ್ಯಮಂಗಲದಲ್ಲಿ ಮಾಡಿಸಿ, ಚಾಮರಾಜನಗರದಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಭಾಷೆ ತಮಿಳಾದರೇನು, ಕನ್ನಡವಾದರೇನು, ಕಣ್ಣಿಗೆ ಕಾಣುವುದು ಒಂದೇ.

ಮೊದಲು ಕಾರನ್ನು ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾಗಿಸಬೇಕು. ಹಾಗೆಂದು ಘಟ್ಟ ಹತ್ತಿಸಿದ ತಕ್ಷಣ ಬಿಚ್ಚಬಾರದು, ಕೈ ಸುಡುತ್ತದೆ. ಕಾರು ಸಮತಟ್ಟಾಗಿ ನಿಂತಿರಬೇಕು. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಗ್ಗುವುದು ಪ್ರಾಣಕ್ಕೆ ಸಂಚಕಾರ. ಸ್ಟ್ಯಾಂಡ್ ಅಥವಾ ಲಿಫ್ಟ್ ಬೇಕೇ ಬೇಕು.

ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು, ಎಣ್ಣೆ ತುಂಬುವ ಬೋಲ್ಟ್ ಬಿಚ್ಚುತ್ತದೆಯೇ ಎಂದು ನೋಡಬೇಕು. ಇರುವ ಎಣ್ಣೆ ಸುರಿದ ಮೇಲೆ ತುಂಬುವ ದಾರಿ ತೆರೆಯದಿದ್ದರೆ ಕಾರು ಅಲ್ಲೇ ಬಾಕಿ! ಇಳಿದ ಎಣ್ಣೆಯನ್ನು ಅಳತೆ ಪಾತ್ರೆಯಲ್ಲಿ ಹಿಡಿಯಬೇಕು. ಎಷ್ಟು ಇಳಿಯಿತೋ ಅಷ್ಟು ತುಂಬುವುದು ಮೊದಲ ಲೆಕ್ಕ.

ನಂತರ ಕೆಳಗಿನ ತಟ್ಟೆ, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ 'ಚೇಂಬರ್', ಬಿಚ್ಚಬೇಕು. ಅದರಲ್ಲಿ ಆಯಸ್ಕಾಂತದ ತುಂಡುಗಳಿರುತ್ತವೆ. ಗೇರ್ ಬಾಕ್ಸ್‌ನ ಜಾತಕ ಇರುವುದೇ ಇಲ್ಲಿ. ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರಿದ್ದರೆ ಚಿಂತೆಯಿಲ್ಲ, ಅದು ಸಹಜ ಸವೆತ. ಕೈಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಮುರಿದಿದೆ ಎಂದರ್ಥ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಬೆಂದಿವೆ. ಎಣ್ಣೆ ಗುಲಾಬಿ ಬಣ್ಣದ ಹಾಲಿನಂತಿದ್ದರೆ ರೇಡಿಯೇಟರ್ ನೀರು ಒಳಗೆ ಸೇರಿದೆ. ಅಂಥ ಕಾರನ್ನು ಓಡಿಸಲೇಬಾರದು.

ಫಿಲ್ಟರ್ ಸಾಮಾನ್ಯವಾಗಿ ಇದೇ ತಟ್ಟೆಯ ಮೇಲಿರುತ್ತದೆ. ಪಂಪು ಎಣ್ಣೆ ಹೀರುವುದು ಇದರ ಮೂಲಕವೇ. ಅದು ಕಟ್ಟಿಕೊಂಡರೆ ಒತ್ತಡ ಬೀಳುತ್ತದೆ, ಗೇರ್ ಬೀಳಲು ತಡವಾಗುತ್ತದೆ. ಹೊಸ ಫಿಲ್ಟರ್ ಕೂರಿಸುವಾಗ ಹಳೇ ರಬ್ಬರ್ ರಿಂಗ್ ಒಳಗೇ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಎಲ್ಲ ಕಾರಿನಲ್ಲೂ ಫಿಲ್ಟರ್ ಹೀಗೆ ಕೈಗೆ ಸಿಗುವುದಿಲ್ಲ. ಕೆಲವಲ್ಲಿ ಗೇರ್ ಬಾಕ್ಸ್ ಬಿಚ್ಚಿದರೆ ಮಾತ್ರ ಸಿಗುತ್ತದೆ. ಅಂಥ ಕಡೆ ಎಣ್ಣೆ ಮಾತ್ರ ಬದಲಿಸುತ್ತಾರೆ. ಝಡ್ಎಫ್ ಪೆಟ್ಟಿಗೆಗಳಲ್ಲಿ ಹಲವಕ್ಕೆ ಫಿಲ್ಟರ್ ಮತ್ತು ಪ್ಲಾಸ್ಟಿಕ್ ತಟ್ಟೆ ಒಂದೇ. ಇಡೀ ತಟ್ಟೆಯನ್ನೇ ಬದಲಿಸಬೇಕು.

ತಟ್ಟೆಗೆ ಹೊಸ ಪ್ಯಾಕಿಂಗ್ ಹಾಕಿ ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇವು ಸಣ್ಣ ಬೋಲ್ಟುಗಳು. ಚಕ್ರದ ನಟ್ಟಿನಂತೆ ಮೈಮೇಲೆ ಬಂದವರ ಹಾಗೆ ಬಿಗಿದರೆ ತಟ್ಟೆ ಸೊಟ್ಟಗಾಗಿ ಸೋರುತ್ತದೆ, ಇಲ್ಲವೇ ಮರೆ ಸವೆಯುತ್ತದೆ.

ಎಣ್ಣೆ ತುಂಬಿದ ಮೇಲೆ ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿಕೊಂಡೇ ಗೇರ್ ಕಡ್ಡಿಯನ್ನು ಪಿ, ಆರ್, ಎನ್, ಡಿ ಎಲ್ಲ ಕಡೆ ನಿಧಾನವಾಗಿ ಆಡಿಸಬೇಕು. ಆಮೇಲೆ ಮಟ್ಟ ನೋಡಬೇಕು. ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲೇ. ಗೇಜ್ ಕಡ್ಡಿ ಇರುವ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೋಂಡಾದಂಥ ಕೆಲವಕ್ಕೆ ಬಿಸಿ ಮಾಡಿ ಆಫ್ ಮಾಡಿದ ಒಂದು ನಿಮಿಷದ ಆಸುಪಾಸಿನಲ್ಲಿ ನೋಡಬೇಕು. ಈಗಿನ ಹಲವು ಕಾರುಗಳಿಗೆ ಕಡ್ಡಿಯೇ ಇಲ್ಲ. ಎಣ್ಣೆ ಸುಮಾರು 40 ಡಿಗ್ರಿ ಇರುವಾಗ ಕೆಳಗಿನ ಒಂದು ಬೋಲ್ಟ್ ಬಿಚ್ಚಿ, ಹೆಚ್ಚಾದದ್ದು ಹೊರ ಬಂದು ಸಣ್ಣ ಧಾರೆಯಾದಾಗ ಮುಚ್ಚಬೇಕು. ಎಷ್ಟು ಡಿಗ್ರಿ ಎಂಬುದು ಕಾರಿನ ಮೇಲೆ ನಿಂತಿದೆ. ಬಿಸಿ ಅಳೆಯುವ ಸಾಧನ ಇಲ್ಲದ ಕಡೆ ಇಂಥ ಕಾರನ್ನು ಬಿಚ್ಚಿಸದಿರುವುದೇ ಲೇಸು. ಎಣ್ಣೆ ಕಡಿಮೆಯಾದರೂ ಕೇಡು, ಹೆಚ್ಚಾಗಿ ನೊರೆಯೆದ್ದರೂ ಕೇಡು.

ಇನ್ನೊಂದು ಮಾತು. ಹೀಗೆ ಇಳಿಸಿದಾಗ ಹೊರ ಬರುವುದು ಮೂರು ನಾಲ್ಕು ಲೀಟರ್ ಮಾತ್ರ. ಅಷ್ಟೇ ಎಣ್ಣೆ, ಇಲ್ಲವೇ ಇನ್ನೂ ಹೆಚ್ಚು, ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಪೈಪಿನಲ್ಲೇ ಉಳಿಯುತ್ತದೆ. ಆದ್ದರಿಂದ ಬಹಳ ಹಳೇ ಎಣ್ಣೆಯಾದರೆ ಸಾವಿರ ಕಿ.ಮೀ. ಓಡಿಸಿ ಇನ್ನೊಂದು ಸಲ ಬದಲಿಸುವುದು ಉಂಟು.

'ಬದಲಿಸಿದ್ದಕ್ಕೇ ಕೆಟ್ಟಿತು' ನಿಜವೇ?

ಹಳೇ ಎಣ್ಣೆ ತೆಗೆದದ್ದಕ್ಕೇ ಗೇರ್ ಬಾಕ್ಸ್ ಹೋಯಿತು ಎಂಬ ದೂರು ಎಲ್ಲ ಕಡೆ ಇದೆ. ಇದರಲ್ಲಿ ಅರ್ಧ ಸತ್ಯ. ಆಗಲೇ ಜಾರುತ್ತಿರುವ, ಜರ್ಕ್ ಹೊಡೆಯುತ್ತಿರುವ ಗೇರ್ ಬಾಕ್ಸ್‌ನಲ್ಲಿ ಕ್ಲಚ್ ಪ್ಲೇಟು ಸವೆದು ಹೋಗಿರುತ್ತದೆ. ಹೊಸ ಎಣ್ಣೆ ಸವೆದದ್ದನ್ನು ಮತ್ತೆ ಬೆಳೆಸುವುದಿಲ್ಲ. ಕೆಡುವ ಹೊತ್ತಿಗೆ ಎಣ್ಣೆ ಬದಲಾಗಿರುತ್ತದೆ, ಅಪವಾದ ಎಣ್ಣೆಯ ಮೇಲೆ ಬರುತ್ತದೆ. ವರ್ಷಗಟ್ಟಲೆ ಮುಟ್ಟದ ಗೇರ್ ಬಾಕ್ಸನ್ನು ಮಿಷನ್ ಹಾಕಿ ಒತ್ತಡದಲ್ಲಿ ತೊಳೆದರೆ ಒಳಗಿನ ಕಿಟ್ಟ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಹಾಗಾಗಿ ಹಳೇ ಕಾರಿಗೆ ಇಳಿಸಿ ತುಂಬುವ ನಿಧಾನದ ದಾರಿಯೇ ವಾಸಿ. ಕಾರು ಚೆನ್ನಾಗಿ ಓಡುತ್ತಿರುವಾಗಲೇ ಬದಲಿಸಬೇಕು, ಕೆಟ್ಟ ಮೇಲಲ್ಲ.

ಹಳೇ ಎಣ್ಣೆ ಎಲ್ಲಿಗೆ?

ಇಳಿಸಿದ ಎಣ್ಣೆಯನ್ನು ಬೇಲಿ ಬದಿಗೆ ಚೆಲ್ಲುವುದು, ಗೆದ್ದಲು ಬಾರದಿರಲೆಂದು ಕೊಟ್ಟಿಗೆ ಕಂಬಕ್ಕೆ ಬಳಿಯುವುದು ಹಳ್ಳಿಗಳಲ್ಲಿ ರೂಢಿ. 2016ರ ಕೇಂದ್ರದ ನಿಯಮದ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮಣ್ಣಿಗೆ, ಬಾವಿಗೆ ಸೇರಿದರೆ ಸುಲಭಕ್ಕೆ ಹೋಗುವುದಿಲ್ಲ. ಕ್ಯಾನಿನಲ್ಲಿ ತುಂಬಿ, ಹಳೇ ಎಣ್ಣೆ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡುವುದೇ ಸರಿ.

ಗೊರೆ ಹಬ್ಬ ಮುಗಿದ ಮೇಲೆ ಸಗಣಿ ಗೊಬ್ಬರವಾಗಿ ಹೊಲ ಸೇರುತ್ತದೆ, ಬೆಳೆ ಕೊಡುತ್ತದೆ. ಕಾರಿನ ಎಣ್ಣೆಗೆ ಆ ಭಾಗ್ಯವಿಲ್ಲ. ಅದು ತನ್ನ ಪಾಡಿಗೆ ಕೆಲಸ ಮುಗಿಸಿ ಸುಟ್ಟು ಹೋಗುತ್ತದೆ. ಹಬ್ಬ ಮುಗಿಸಿ ಮಕ್ಕಳು ಮರಿ ಕೂರಿಸಿಕೊಂಡು ಘಟ್ಟದ ಕಡೆ ಹೊರಡುವ ಮುನ್ನ, ಅದು ಎಂದು ಬದಲಾಯಿತು ಎಂದು ಒಂದು ಮಾತು ಕೇಳಿಕೊಂಡರೆ 27 ತಿರುವೂ ನೆಮ್ಮದಿಯಾಗಿ ದಾಟೀತು.

ನೆನಪಿರಲಿ

* ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕೊಳ್ಳುವಾಗ ಎಣ್ಣೆ ಬದಲಿಸಿದ ಬಿಲ್ ಕೇಳಿ. ಇಲ್ಲವೆಂದರೆ ಬದಲಾಗಿಲ್ಲ ಎಂದೇ ತಿಳಿಯಿರಿ.
* ಡಿ ಗೆ ಹಾಕಿದ ಮೇಲೆ ಗಾಡಿ ತಡವಾಗಿ ಹೊರಡುವುದು, ಗೇರ್ ಬೀಳುವಾಗ ಏಟು ಹೊಡೆಯುವುದು, ಎಂಜಿನ್ ಕೂಗಿಯೂ ವೇಗ ಬಾರದಿರುವುದು ಎಚ್ಚರಿಕೆಯ ಲಕ್ಷಣ.
* ಘಟ್ಟ ಇಳಿಯುವಾಗ ಬರೀ ಬ್ರೇಕ್ ನಂಬಬೇಡಿ. 2 ಅಥವಾ ಎಲ್ ಇದ್ದರೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯಲಿ.
* ನಿಂತ ಆಟೋಮ್ಯಾಟಿಕ್ ಕಾರು ತಳ್ಳಿದರೆ ಸ್ಟಾರ್ಟ್ ಆಗದು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ದೂರ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಗೇರ್ ಬಾಕ್ಸ್‌ನ ಎಣ್ಣೆ ಪಂಪೂ ಓಡದು, ಒಳಗೆ ಒಣಗಿ ಉಜ್ಜುತ್ತದೆ. ಎಂಜಿನ್ ಶಕ್ತಿ ಹೋಗುವ ಚಕ್ರ ನೆಲ ಬಿಟ್ಟು ಮೇಲಿರಬೇಕು, ಇಲ್ಲವೇ ಕಾರನ್ನೇ ಲಾರಿ ಮೇಲೆ ಹೇರಿ ತರಬೇಕು.
* ಬದಲಿಸಿದ ದಿನಾಂಕ, ಕಿ.ಮೀ., ಎಣ್ಣೆಯ ಹೆಸರು, ಎಷ್ಟು ಲೀಟರ್ ಎಂಬುದನ್ನು ಬರೆದು ಕಾರಿನಲ್ಲೇ ಇಡಿ. ನಾಳೆ ಕಾರು ಗಡಿ ದಾಟಿ ಇನ್ನೊಬ್ಬರ ಮನೆಗೆ ಹೋದರೆ ಅವರಿಗೂ ಉಪಕಾರ.